ಸೂಜಿ ತಾಗದ ಪ್ಲೇಟು

ಒಂದೇ ಒಪೆರಾದ ನಾಲ್ಕು ಗ್ರಾಮಫೋನ್ ಪ್ಲೇಟುಗಳಲ್ಲಿ ಮೂರು ಸವೆದು ಗೀರು ಬಿದ್ದಿದ್ದವು. ಕೊನೆಯದು ಮಾತ್ರ ಹೊಚ್ಚಹೊಸದರಂತೆ ಹೊಳೆಯುತ್ತಿತ್ತು. ಹತ್ತೊಂಬತ್ತನೇ ಶತಮಾನದ ಇಟಲಿಯ ಒಪೆರಾಗಳು ಮೂಲ ಕಾದಂಬರಿಗಳ ಅಂತ್ಯವನ್ನು ಹೇಗೆ ಬದಲಿಸಿದವು ಎಂಬುದು ನನ್ನ ಸಂಶೋಧನೆ. ಅದಕ್ಕಾಗಿ ರಿಚರ್ಡ್ಸ್ ಟೌನಿನ ಆಂಟಿಯೊಬ್ಬರ ಮನೆಗೆ, ತೀರಿಕೊಂಡ ಅವರ ಯಜಮಾನರ ಸಂಗ್ರಹ ನೋಡಲು ಹೋಗಿದ್ದೆ.

“ಪ್ಲೇಟು ಹಾಕಿ ನಂಗೆ ಕಥೆ ಹೇಳೋರು. ಕಥೇಲಿ ಬರೋ ಆ ಹುಡುಗಿ ಕಾಯಿಲೆ ಬಿದ್ದಮೇಲೆ ಮಾತ್ರ ‘ಬಾ, ಕಾಫಿ ಕುಡಿಯೋಣ’ ಅಂತ ಎದ್ಬಿಡೋರು. ಕೊನೆಗೆ ಅವಳೇನಾದ್ಲಮ್ಮ?” ಎಂದರು ಆಂಟಿ.

ಕಾದಂಬರಿಯಲ್ಲೂ ಒಪೆರಾದಲ್ಲೂ ಅವಳು ಸಾಯುತ್ತಾಳೆ.

“ವಾಸಿಯಾಗಿ ಮನೆಗೆ ಹೋಗ್ತಾಳೆ, ಆಂಟಿ,” ಎಂದೆ.

ಮೂಲದ ಅಂತ್ಯ ಬದಲಿಸಿದರೆಂದು ಪ್ರಬಂಧದ ಉದ್ದಕ್ಕೂ ಒಪೆರಾ ಬರೆದವರನ್ನು ಬೈದವಳು ನಾನು. ಆ ಕೊನೆಯ ಪ್ಲೇಟನ್ನು ಹಾಕದೆ ಹಾಗೇ ಕವರಿನೊಳಗಿಟ್ಟು, ನಾನೇ ಕಾಫಿ ಮಾಡಲು ಎದ್ದೆ.