ಫಾರ್ಮಿನಲ್ಲಿ ನಾನು ಒತ್ತಿದ ‘ಹೌದು’

ನಿಪ್ಪಾಣಿಯ ಬ್ಯೂಟಿ ಪಾರ್ಲರಿನಲ್ಲಿ ಕಾಗದದ ಕನ್ನಡ ಫಾರ್ಮ್ ಹೋಗಿ ಇಂಗ್ಲಿಷ್ ಫಾರ್ಮಿನ ಟ್ಯಾಬ್ ಬಂದ ಮೇಲೆ ನನ್ನ ಕಾನ್ವೆಂಟ್ ಇಂಗ್ಲಿಷು ನನಗೇ ಭಾರವಾಯಿತು. ಹುಬ್ಬು ಮಾಡಿಸಲು ಹೋದವಳು ಬಂದವರೆಲ್ಲರ ಫಾರ್ಮ್ ತುಂಬುತ್ತ ಕೂರಬೇಕಾಗುತ್ತಿತ್ತು. “ವೈನಿ, ನಮ್ದೊಂದ ಓದಿ ಹೇಳ್ರಿ,” ಎಂದು ಒಬ್ಬೊಬ್ಬರೂ ನನ್ನನ್ನು ಅತ್ತಿಗೆ ಮಾಡಿಕೊಂಡು ಟ್ಯಾಬ್ ಮುಂದೆ ಹಿಡಿಯುತ್ತಿದ್ದರು.

ಒಮ್ಮೆ ಚಿಂಚಲಿಯ ಹೊಸ ಸೊಸೆಯೊಬ್ಬಳು ನಾದಿನಿಯ ಜೊತೆ ಕೂದಲು ನೇರ ಮಾಡಿಸಲು ಬಂದಳು. ಕೂದಲು ನೇರ ಮಾಡುವ ಕ್ರೀಮನ್ನು ಬಸುರಿಯರಿಗೆ ಹಚ್ಚುವುದಿಲ್ಲ, ಅದಕ್ಕೇ ಫಾರ್ಮಿನಲ್ಲಿ ಬಸುರಿಯೇ ಎಂಬ ಪ್ರಶ್ನೆ. ಓದಿ ಓದಿ ದಣಿದಿದ್ದ ನಾನು, “ಬಸರ ಇದ್ದೀಯೇನವಾ?” ಎಂದು ಎಲ್ಲರೆದುರು ಕೇಳಿಬಿಟ್ಟೆ. ಮೂರು ತಿಂಗಳು ತುಂಬದೆ ನಮ್ಮಲ್ಲಿ ಯಾರೂ ಆ ಸುದ್ದಿ ಹೊರಗೆ ಬಿಡುವುದಿಲ್ಲ. ಗೊತ್ತಿದ್ದೂ ಕೇಳಿದ್ದೆ.

“ಇಲ್ರಿ,” ಎಂದಳು ಹುಡುಗಿ.

“ಇದ್ರ ನನಗ ಹೇಳ್ದ ಇರ್ತಾಳೇನ್ರಿ?” ಎಂದು ನಾದಿನಿ ನಕ್ಕಳು.

ಹುಡುಗಿ ಮಾತ್ರ ನಾದಿನಿಗೆ ಕಾಣದ ಹಾಗೆ ನನ್ನ ಮೊಣಕೈ ಹಿಡಿದುಕೊಂಡವಳು ಬಿಡಲಿಲ್ಲ.

ನಾನು ‘ಹೌದು’ ಒತ್ತಿ ಟ್ಯಾಬನ್ನು ಪಾರ್ಲರಿನವಳ ಕೈಗೆ ಕೊಟ್ಟೆ. ಆಕೆ ಆ ‘ಹೌದು’ ಕಂಡು ನನ್ನ ಮುಖ ನೋಡಿದಳು. “ಕ್ರೀಮ್ ಖಾಲಿ ಆಗೇತ್ರಿ. ಇವತ್ತ ಬರೇ ಎಣ್ಣಿ ಹಚ್ಚಿ ತಿಕ್ಕತೀನಿ.”

“ಎಣ್ಣಿ ಹಚ್ಚಿಸ್ಕೊಳ್ಳಾಕ ಇಷ್ಟ ದೂರ ಬರಬೇಕಾಗಿತ್ತೇನು?” ನಾದಿನಿ ಗೊಣಗುತ್ತಲೇ ಇದ್ದಳು. ಹುಡುಗಿ ಅಷ್ಟರಲ್ಲೇ ಕುರ್ಚಿಯಲ್ಲಿ ಕೂತು ಜಡೆ ಬಿಚ್ಚತೊಡಗಿದ್ದಳು.