ಅಮ್ಮನ ಫೋಟೋಗೆ ಅಂಟಿದ ವೈರಸ್

ಅಮ್ಮ ತೀರಿಕೊಂಡಾಗ ಶ್ರದ್ಧಾಂಜಲಿಯ ಫ್ಲೆಕ್ಸ್ ಮಾಡಿಸಲು ಅವಳ ಫೋಟೋಗಳನ್ನೆಲ್ಲ ಪೆನ್ ಡ್ರೈವಿಗೆ ಹಾಕಿಕೊಂಡು ಕೋಲಾರದ ಅಂಗಡಿಗೆ ಹೋಗಿದ್ದೆ. ಫ್ಲೆಕ್ಸು ನಮ್ಮೂರು ಕ್ಯಾಲನೂರಿನ ಬಸ್ ಸ್ಟಾಪಿನಲ್ಲಿ ನಿಂತಿತು. ವೈರಸ್ಸು ಪೆನ್ ಡ್ರೈವಿನ ಜೊತೆ ನಮ್ಮ ಮನೆಯ ಕಂಪ್ಯೂಟರಿಗೆ ಬಂತು.

ರಿಪೇರಿಯವನು ಎರಡು ಸಲ ತೆಗೆದುಕೊಟ್ಟ. ಎರಡು ಸಲವೂ ಮಾರನೇ ದಿನಕ್ಕೇ ಅದು ಹಾಜರು. ಮೂರನೇ ಸಲ ಅವನಿಗೆ ರೇಗಿತು.

"ಅಣ್ಣಾ, ಮನೆಗೆ ಹೋಗಿ ಮೊದ್ಲು ಏನ್ ಮಾಡ್ತೀರಾ?"

"ಪೆನ್ ಡ್ರೈವ್ ಹಾಕಿ ಅಮ್ಮನ ಫೋಟೋ ನೋಡ್ತೀನಿ."

"ವೈರಸ್ ಇರೋದೇ ಅದ್ರಲ್ಲಿ! ಫೋಟೋ ಉಳಿಸಕ್ ಹೋದ್ರೆ ಅದೂ ಉಳ್ಕೊಳ್ಳುತ್ತೆ. ಪೆನ್ ಡ್ರೈವು, ಕಂಪ್ಯೂಟರು ಎರಡನ್ನೂ ಪೂರ್ತಿ ಅಳಿಸ್ಬೇಕು. ಅಳಿಸ್ಲಾ?"

"ಅಳಿಸಿ" ಅಂದೆ, ಕಂಡಕ್ಟರಿಗೆ ಇಳಿಯುವ ಊರು ಹೇಳಿದಷ್ಟು ಸಲೀಸಾಗಿ. ಅಳು ಬರಲಿಲ್ಲ. ಏನೂ ಬರಲಿಲ್ಲ.

ತಿಥಿ ಮುಗಿದ ಮೇಲೆ, ನಮ್ಮ ಕಡೆ ಎಲ್ಲರೂ ಮಾಡುವಂತೆ, ಫ್ಲೆಕ್ಸ್ ಬಿಚ್ಚಿ ತಂದು ಸೋರುವ ಕೊಟ್ಟಿಗೆಗೆ ಹೊದಿಸಿದ್ದೆವು, ಅಚ್ಚಿನ ಮಗ್ಗುಲು ಒಳಕ್ಕೆ. ಈಗ ಉಳಿದಿದ್ದು ಆ ಒಂದೇ ಫೋಟೋ. ಸಂಜೆ ಹಾಲು ಕರೆಯಲು ಕೂತವನು ತಲೆಯೆತ್ತಿದೆ. ಅಮ್ಮ ಮೇಲಿನಿಂದ ನೋಡುತ್ತಿದ್ದಳು. ನನ್ನನ್ನಲ್ಲ, ಹಸುವನ್ನು.