ಕಂಡಕ್ಟರನ ಎದೆಯುರಿ

ಅಫಜಲಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ರಿಟೈರಾದ ಬಸ್ ಕಂಡಕ್ಟರನೊಬ್ಬನಿದ್ದ. ಹೃದಯ ನಿಧಾನವಾಯಿತೆಂದು ಡಾಕ್ಟರು ಅವನ ಎದೆಗೆ ಪೇಸ್‌ಮೇಕರ್ ಕೂಡಿಸಿದ್ದರು. ಅಂದಿನಿಂದ ಎದೆ ಉರಿದರೆ ಸಾಕು, ಅಂಗೈ ಎತ್ತಿ "ಹೋಲ್ಡಾನ್" ಎನ್ನುತ್ತಿದ್ದ. ಮನೆಮಂದಿಯೆಲ್ಲ ನಿಂತಲ್ಲೇ ನಿಲ್ಲಬೇಕು. ತೇಗು ಬಂದರೆ ಅದು ಹೊಟ್ಟೆಯದು, ಹೃದಯದ್ದಲ್ಲ ಎಂದು ಅವನ ಲೆಕ್ಕ. ಆಗ "ರೈಟ್ ರೈಟ್" ಎನ್ನುತ್ತಿದ್ದ.

ಒಂದು ಮುಂಜಾನೆ ಹಾಲು ತರಲು ಹೋಗಿ ಬಂದವನೇ ಹೋಲ್ಡಾನ್ ಎಂದ. ತೇಗು ಬರಲಿಲ್ಲ, ಬೆವರು ಬಂತು. ನಾನೂ ಅವನ ಹೆಂಡತಿಯೂ ಅವನನ್ನು ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಹೋದೆವು.

"ಮುಂಜಾನೆ ಏನ್ ತಿಂದಾರ?" ಡಾಕ್ಟರು ಕೇಳಿದರು.

"ಲಿಂಗಪೂಜಿ ಆಗೂತನ ಇವರು ಹನಿ ನೀರೂ ಮುಟ್ಟಂಗಿಲ್ರಿ," ಹೆಂಡತಿ ಹೆಮ್ಮೆಯಿಂದ ಹೇಳಿದಳು.

"ಹಂಗಾದ್ರ ಹೊಟ್ಟಿದಲ್ಲ ಅನಸ್ತದ. ಕಲಬುರಗಿಗೆ ಒಯ್ಯಬೇಕಾಗ್ತದ."

ಕಂಡಕ್ಟರ್ ಛಾವಣಿ ನೋಡಿದ, ಹೆಂಡತಿಯನ್ನು ನೋಡಿದ. ನನಗೆ ತಿಳಿಯಿತು.

"ಸಾಯೂದು ಬೇಕೊ, ಬೈಸಿಕೊಳ್ಳೂದು ಬೇಕೊ? ಲಗೂ ಹೇಳು ತಮ್ಮಾ," ಎಂದೆ.

"ಬಸ್‌ಸ್ಟ್ಯಾಂಡಿನ್ಯಾಗ ಮಿರ್ಚಿ ಭಜಿ ತಿಂದೀನಿ ಅಕ್ಕಾ. ಬಿಸಿ ಇದ್ವು."

ಹೆಂಡತಿ ಬೈಯಲಿಲ್ಲ. "ದಿನಾ ತಿಂತೀರೇನು?" ಎಂದಳು. ಅವನು ಕಣ್ಣು ಮುಚ್ಚಿಕೊಂಡ.

ಭಜಿ ತಿಂದವನಿಗೂ ಹೃದಯ ಇರುತ್ತದೆ ಎಂದು ಡಾಕ್ಟರು ಇಸಿಜಿ ತೆಗೆದು ನೋಡಿದರು. ಏನೂ ಆಗಿರಲಿಲ್ಲ. "ಇನ್ನ ಮ್ಯಾಲ ತೇಗಿಗೆ ಕಾಯಬ್ಯಾಡ್ರಿ, ಸೀದಾ ಇಲ್ಲಿಗೆ ಬರ್ರಿ," ಎಂದರು.

ಆಮೇಲೆ ಸೀದಾ ಹೋಗುತ್ತಿದ್ದೆವು. ಏನು ತಿಂದಿರಿ ಎಂದು ಡಾಕ್ಟರು ಕೇಳಿದೊಡನೆ ಅವನು ಹೆಂಡತಿಯ ಕಡೆ ಅಂಗೈ ಎತ್ತುತ್ತಿದ್ದ. ಆಕೆ ಎದ್ದು ಹೊರಗೆ ಹೋಗಿ, ಬಾಗಿಲು ಎಳೆದುಕೊಂಡು, ಅಲ್ಲಿಂದಲೇ "ರೈಟ್ ರೈಟ್" ಎನ್ನುತ್ತಿದ್ದಳು.